ಮಾನ್ಸೊಕ್‌ನ ವಾಲಾಡುವ ಚಕ್ರ

ಅಂಗಳ ದಾಟುವ ಮೊದಲೇ, ಟಿಲ್ಲರಿನ ಹಿಂದೆ ಕಟ್ಟಿದ್ದ ಪುಟ್ಟ ಟ್ರೇಲರಿನ ಎಡಚಕ್ರ ಮದುವೆಮನೆಯಲ್ಲಿ ಕುಡಿದು ಹೊರಬಿದ್ದ ಸೋದರಮಾವನ ಹಾಗೆ ವಾಲಾಡತೊಡಗಿತು. ಮಾನ್ಸೊಕ್ ಎಂಜಿನ್ ನಿಲ್ಲಿಸಿ ಇಳಿದ.

ಅವತ್ತು ಮನೆಯಲ್ಲಿ ವರ್ಷಕ್ಕಾಗುವಷ್ಟು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನ. ಹೊಲದಲ್ಲಿ ಇನ್ನೂರು ಕೋಸು ಕಡಿದು ಒಟ್ಟಿದ್ದ. ಅಂಗಳದಲ್ಲಿ ಮೂವರು ನಾದಿನಿಯರು ರಬ್ಬರ್ ಕೈಗವಸು ತೊಟ್ಟು, ಉಪ್ಪಿನ ಚೀಲ ಬಿಚ್ಚಿಕೊಂಡು ಕೂತಿದ್ದರು. ಸಂಜೆಗೆ ಹಿಮ ಬೀಳುತ್ತದೆಂದು ರೇಡಿಯೋ ಹೇಳಿತ್ತು.

“ಏನ್ರೀ, ಮಧ್ಯಾಹ್ನದೊಳಗೆ ಕೋಸು ಉಪ್ಪಿಗೆ ಬೀಳ್ಬೇಕು. ಇಲ್ದಿದ್ರೆ ವರ್ಷವೆಲ್ಲ ಬರೀ ಅನ್ನ ತಿನ್ನಿ” ಎಂದಳು ಹೆಂಡತಿ ಯಾಂಗ್ಜಾ.

ಮಾನ್ಸೊಕ್ ಜಾಕಿ ಕೊಟ್ಟು ಗಾಡಿ ಎತ್ತಿದ. ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಕಟಕಟ ಎಂದಿತು. ಆ ಸದ್ದಿಗೆ ಊರ ಮುಖ್ಯಸ್ಥ ಪಿಲ್ಡೊ ಗೋಡೆಯ ಮೇಲಿಂದ ಇಣುಕಿದ.

“ಹಬ್ ಸಡಿಲ ಕಣೋ! ನಟ್ಟು ಬಿಗಿ!”

“ಬಿಗೀತಾ ಇದೀನಿ ಅಣ್ಣ.”

“ಅದೆಂಥ ಬಿಗಿಯೋದು? ಪೂಜೆಗೆ ಹೂ ಕೀಳ್ತಿದೀಯಾ? ಪಾನಾಗೆ ಪೈಪ್ ಸಿಗ್ಸು!”

ಪೈಪ್ ಸಿಕ್ಕಿಸಿ ಇಬ್ಬರೂ ಜೋತುಬಿದ್ದರು. ಚಕ್ರ ಬಂಡೆಯ ಹಾಗೆ ನಿಂತಿತು. “ಹೀಗಿರ್ಬೇಕು!” ಎಂದು ಪಿಲ್ಡೊ ಕೈ ಒರೆಸಿಕೊಂಡು ಹೊರಟುಹೋದ.

ಗಾಡಿ ಕೆರೆಯ ದಾರಿಯವರೆಗೆ ಹೋಯಿತು. ಆಮೇಲೆ ಚಕ್ರ ಕಿರುಚಿತು. ಹಬ್ಬಿನಿಂದ ಹೊಗೆ ಎದ್ದಿತು. ಮಾನ್ಸೊಕ್ ಬೆರಳಿಟ್ಟು ನೋಡಿ, ಸುಟ್ಟ ಬೆರಳನ್ನು ಬಾಯಿಗೆ ಹಾಕಿಕೊಂಡು ಕುಣಿದಾಡಿದ.

“ಏನೋ, ಚಳಿ ಕಾಯಿಸ್ಕೊಳ್ತಾ ಕುಣೀತಿದೀಯಾ?” ಎನ್ನುತ್ತ ಒಕ್ಬುನ್ ಅಜ್ಜಿ ಪುಟ್ಟ ತಳ್ಳುಗಾಡಿಯನ್ನೇ ಊರುಗೋಲಿನ ಹಾಗೆ ಊರಿಕೊಂಡು ಬಂದಳು. ಎಪ್ಪತ್ತೆಂಟರ ಅಜ್ಜಿ. ಈಗಲೂ ಒಬ್ಬಳೇ ಟಿಲ್ಲರ್ ಹೊಡೆಯುತ್ತಿದ್ದಳು.

“ಬಿಗಿ ಮಾಡಿದ್ದೇ ತಪ್ಪಾಯ್ತಜ್ಜಿ.”

“ಬಿಗಿ ಮಾಡಿದ್ದಲ್ಲ, ಕತ್ತು ಹಿಸುಕಿದ್ದು ತಪ್ಪು. ಬೇರಿಂಗಿಗೂ ಉಸಿರಾಡೋಕೆ ಜಾಗ ಬೇಡ್ವಾ? ಬಿಚ್ಚು. ಚಕ್ರ ತಿರುಗಿಸ್ತಾ ತಿರುಗಿಸ್ತಾ ಬಿಗಿ. ಸಾಕು! ಈಗ ಒಂಚೂರು ಹಿಂದಕ್ಕೆ ಬಿಡು. ಈಗ ನಟ್ಟು ಜಾರದ ಹಾಗೆ ಪಿನ್ ಹಾಕು. ಹಳೇದಲ್ವೋ, ಹೊಸದು!”

ಸಾಮಾನು ಪೆಟ್ಟಿಗೆಯಿಂದ ಗ್ರೀಸ್, ಹೊಸ ಪಿನ್ ತೆಗೆದು, ಗ್ರೀಸ್ ತುಂಬಿ, ಪಿನ್ನಿನ ತುದಿ ಮಡಚಿ, ಚಕ್ರ ತಳ್ಳಿ ನೋಡಿದ. ಸದ್ದಿಲ್ಲದೆ ಗಿರ್ರನೆ ತಿರುಗಿತು. ಮಾನ್ಸೊಕ್‌ಗೆ ತಾನೇ ಎಂಜಿನಿಯರ್ ಆದಷ್ಟು ಹಿಗ್ಗಾಯಿತು. ಅಜ್ಜಿಗೆ ನಡು ಬಗ್ಗಿಸಿ ನಮಸ್ಕರಿಸಿ, ಹೊಲಕ್ಕೆ ಹೋಗಿ, ಮೊದಲ ಹೇರು ತುಂಬಿಕೊಂಡು ಹಾಡು ಗುನುಗುತ್ತ ಊರ ಕಡೆ ತಿರುಗಿದ.

ಅಷ್ಟರಲ್ಲಿ ಕಂಬದ ಮೇಲಿನ ಧ್ವನಿವರ್ಧಕ ಕೆಮ್ಮಿತು. ಪಿಲ್ಡೊನ ದನಿ ಇಡೀ ಊರಿಗೆ ಹರಡಿತು. “ಆ... ಆ... ಊರವರಿಗೆ ತಿಳಿಸೋದೇನಂದ್ರೆ, ನನ್ನ ಮಾರ್ಗದರ್ಶನದಲ್ಲಿ ನಮ್ಮ ಮಾನ್ಸೊಕ್ ಟ್ರೇಲರ್ ಚಕ್ರ ರಿಪೇರಿ ಕಲ್ತಿದಾನೆ. ಯಾರ್ಯಾರ ಚಕ್ರ ಅಲ್ಲಾಡ್ತಿದ್ಯೋ, ಅವ್ನ ಮನೆ ಮುಂದೆ ತಂದು ನಿಲ್ಸಿ. ಉಚಿತ ಸೇವೆ!”

ಮಾನ್ಸೊಕ್ ಬಂದು ತಲುಪಿದಾಗ ಮನೆ ಮುಂದೆ ಆಗಲೇ ಏಳು ಟ್ರೇಲರ್‌ಗಳು ಸಾಲುಗಟ್ಟಿ ನಿಂತಿದ್ದವು.

“ಯಾಂಗ್ಜಾ, ಇವ್ರಿಗೆಲ್ಲ ಆಗಲ್ಲ ಅಂತ ಹೇಳೇ!”

“ಊರೋರ ಮುಖಕ್ಕೆ ಹೊಡೆದ ಹಾಗೆ ಹೆಂಗ್ರೀ ಹೇಳ್ಲಿ? ನೀವು ಅದನ್ನ ನೋಡಿ, ಕೋಸು ನಾವು ತರ್ತೀವಿ.” ಯಾಂಗ್ಜಾ ಟಿಲ್ಲರ್ ಹತ್ತಿದಳು. ಹೇರು ಇಳಿಸಿದ ನಾದಿನಿಯರು ನಗುತ್ತ ಖಾಲಿ ಟ್ರೇಲರ್ ಏರಿ ಹೊರಟುಹೋದರು.

ಮಾನ್ಸೊಕ್ ಮೊದಲ ಗಾಡಿಯ ಕೆಳಗೆ ತಣ್ಣನೆಯ ನೆಲದ ಮೇಲೆ ಮಲಗಿದ. ಪಕ್ಕದಲ್ಲಿ ಎರಡು ಗಿಡ್ಡ ಕಾಲು ಕಂಡವು. ಒಕ್ಬುನ್ ಅಜ್ಜಿಯವು. ಗಾಡಿಯೂ ಅವಳದೇ.

“ಅಜ್ಜಿ, ಎಲ್ಲಾ ನಿಮಗೇ ಗೊತ್ತಲ್ಲ, ನೀವೇ ಮಾಡ್ಕೋಬಾರ್ದಿತ್ತಾ?”

“ಗೊತ್ತೇನೋ ಗೊತ್ತು ಮಗಾ, ಮಂಡಿ ಬಗ್ಗಲ್ಲ. ಒಂದು ತಿಂಗ್ಳಿಂದ ಬಗ್ಗೋ ಮಂಡಿ ಹುಡುಕ್ತಿದ್ದೆ.”