ಅತ್ತೆಯವರ ಹಸಿರು ಬಳೆಯನ್ನು ಸೋಡಾ ಬಾಟಲಿ ಎಂದವರಿಗೆ

ನಿಪ್ಪಾಣಿ, ೧೨ ಮಾರ್ಚ್ ೧೯೮೮

ಮಾನ್ಯರೇ, ರತ್ನಪರೀಕ್ಷಕರಾದ ಭಾವುಸಾಹೇಬರೇ,

ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಮೂರು ದಿನ ಬೀಡುಬಿಟ್ಟು, ನಮ್ಮೂರಿನ ಮೂಗುತಿ, ಉಂಗುರಗಳ ಜಾತಕವನ್ನೆಲ್ಲ ಹೇಳಿ ಹೋದ ತಮಗೆ ಕನ್ನಡ ಶಾಲೆಯ ಶಿಕ್ಷಕಿ ಲಕ್ಷ್ಮಿಬಾಯಿಯ ಸಾದರ ನಮಸ್ಕಾರಗಳು. ತಮ್ಮ ಭೂತಗನ್ನಡಿಯೂ ಕ್ಷೇಮವೆಂದು ನಂಬಿದ್ದೇನೆ.

ನಾನು ತಮ್ಮ ಬಳಿ ತಂದದ್ದು ಅತ್ತೆ ಸೋನಾಬಾಯಿಯವರ ಹಸಿರು ಕಲ್ಲಿನ ಬಳೆ. ತಂಬಾಕು ವ್ಯಾಪಾರದ ಪೇಢಿಯೊಂದರ ಗುಮಾಸ್ತರಾಗಿ ರಂಗೂನಿಗೆ ಹೋಗಿದ್ದ ಮಾವ ಬಾಬಾಸಾಹೇಬರು ೧೯೪೧ರಲ್ಲಿ ಮರಳುವಾಗ ಹೊಸ ಹೆಂಡತಿಗೆಂದು ತಂದ ಜೇಡ್ ಕಲ್ಲಿನ ಬಳೆ. ನಲವತ್ತೇಳು ವರ್ಷ ಅದು ಅತ್ತೆಯವರ ಕೈ ಬಿಟ್ಟಿರಲಿಲ್ಲ. ಮೊಮ್ಮಗಳ ಮದುವೆಗೆ ಕೊಡಬೇಕೆಂದು ಸಾಬೂನು ಹಚ್ಚಿ, ಅರ್ಧ ತಾಸು ತಿಕ್ಕಿ ತೆಗೆದಿದ್ದರು. ಬೀಗರ ಮುಂದೆ ಹೇಳಲು ಒಂದು ಬೆಲೆ ಬೇಕಿತ್ತು, ಅಷ್ಟೇ.

ತಾವು ಅದನ್ನು ಒಮ್ಮೆ ಹೊರಳಿಸಿ, “ಒಳಗ ಗುಳ್ಳಿ ಅದಾವ್ರಿ ಅಕ್ಕಾರ. ಸೋಡಾ ಬಾಟ್ಲಿ ಕರಗಿಸಿ ಮಾಡ್ಯಾರ” ಎಂದಿರಿ. ಅಲ್ಲದೆ ನಮ್ಮ ದುಃಖ ನೋಡಲಾರದೆ, ಬಳೆಗೆ ಬದಲಾಗಿ ಒಂದು ಸ್ಟೀಲ್ ಡಬ್ಬಿ ಕೊಡಲು ಮುಂದಾದಿರಿ. ಗಾಜು ತೆಗೆದುಕೊಂಡು ಸ್ಟೀಲು ಕೊಡುವ ದಾನಿಯನ್ನು ನಾನು ಕಂಡಿರಲಿಲ್ಲ. ನನ್ನಲ್ಲಿ ಸಣ್ಣ ಸಂಶಯ ಹುಟ್ಟಿಸಿದ್ದು ಆ ಔದಾರ್ಯವೇ ಎಂದು ವಿನಯದಿಂದ ತಿಳಿಸುತ್ತೇನೆ.

ತಮ್ಮ ತೀರ್ಪು ಕೇಳಿದ ಅತ್ತೆ, “ರಂಗೂನದಾಗ ನೀವು ಸೋಡಾ ಕುಡದು, ಬಾಟ್ಲಿ ನನಗ ತಂದ್ರೇನ್ರಿ?” ಎಂದು ಮಾವನವರನ್ನು ಕೇಳಿದರು. ಮಾವ ಚಪ್ಪಲಿ ಮೆಟ್ಟಿಕೊಂಡು ಬಸದಿಯ ಕಡೆ ನಡೆದರು. ಒಂಬತ್ತು ದಿನ ಅವರಿಗೆ ಚಹಾ ಕೊಟ್ಟವಳು ನಾನು. ಅತ್ತೆಯವರು ಮುಂಗೈಯಲ್ಲಿ ಬಳೆ ಉಳಿಸಿಹೋದ ಬಿಳಿ ಪಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ಓಡಾಡಿದರು. ಅದನ್ನು ಮಾತ್ರ ನನ್ನಿಂದ ನೋಡಲಾಗಲಿಲ್ಲ.

ಹತ್ತನೆಯ ದಿನ ಅತ್ತೆಯವರನ್ನು ಕರೆದುಕೊಂಡು ಕೊಲ್ಲಾಪುರದ ಬಸ್ಸು ಹತ್ತಿದೆ. ಅಲ್ಲಿನ ಹಿರಿಯ ಜವಾಹಿರಿ ಬಾಪುಸಾಹೇಬರು ನಮ್ಮ ಕಾಗವಾಡದ ಕಡೆಯವರು. ಒಂದೇ ನೋಟಕ್ಕೆ ಹೇಳುವ ತಮ್ಮ ಪ್ರತಿಭೆ ಅವರಿಗಿಲ್ಲದ್ದರಿಂದ ಪಾಪ, ಒಂದು ತಾಸು ಹಿಡಿಯಿತು. ಬಳೆಯನ್ನು ತಕ್ಕಡಿಯಲ್ಲಿ ತೂಗಿದರು, ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದರು, ದಾರಕ್ಕೆ ತೂಗುಹಾಕಿ ತಟ್ಟಿ ನಾದ ಕೇಳಿದರು, ಕಿಟಕಿಯ ಬೆಳಕಿಗೆ ಹಿಡಿದರು.

“ಗುಳ್ಳಿ ಒಂದೂ ಇಲ್ರಿ. ಸಕ್ಕರಿ ಹರಳಿನಂಗ ಒಳಗ ಕಾಳ ಹೆಣಕೊಂಡಾವ. ಈ ಗಾತ್ರದ ಗಾಜು ಇಷ್ಟು ತೂಗೂದಿಲ್ಲ. ಖರೇ ಬರ್ಮಾ ಜೇಡ್ ಐತಿ. ಆದ್ರ ಬಣ್ಣ ಒಂದ ಸಮ ಇಲ್ಲ, ಬೆಳಕು ಪಾರಾಗೂದು ಕಡಿಮಿ. ಭಾರಿ ಬೆಲಿ ಬರೂದಿಲ್ರಿ” ಎಂದರು.

ಅತ್ತೆ ಕೊನೆಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಖರೇ ಐತಲ್ಲಾ?” ಎಂದು ಮೂರು ಸಲ ಕೇಳಿ, ಅಲ್ಲೇ ಸಾಬೂನು ತರಿಸಿ ಬಳೆ ತೊಟ್ಟರು. ಮೊಮ್ಮಗಳಿಗೆ ಈಗ ಬೇರೆ ಏನನ್ನೋ ಕೊಡುತ್ತಾರಂತೆ.

ಆ ಸಂಜೆ ಮಾವನವರಿಗೆ ಅತ್ತೆಯೇ ಚಹಾ ಕೊಟ್ಟರು, ಸಕ್ಕರೆ ತುಸು ಹೆಚ್ಚೇ ಬಿದ್ದಿತ್ತು. ಕುಡಿದಾದ ಮೇಲೆ ಮಾವ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದರು: “ಯವ್ವಾ ಲಕ್ಷ್ಮೀ, ಹಡಗ ಹತ್ತೂ ಮುಂದ ಒಬ್ಬಾವ ಮಾರಾಕತ್ತಿದ್ದ. ನಾನೂ ಗಾಜು ಅಂತನ ತಿಳಕೊಂಡು ತಂದಿದ್ದೆ. ನಲವತ್ತೇಳು ವರ್ಷ ಹೆದರಕೋತ ಬಾಳೇ ಮಾಡೀನಿ.”

ಆದ್ದರಿಂದ ತಮ್ಮಲ್ಲಿ ಎರಡೇ ಬಿನ್ನಹಗಳು. ತಮ್ಮ ಶಾಸ್ತ್ರದ ಪ್ರಕಾರ ಬರ್ಮಾದ ಕಲ್ಲೂ ಸೋಡಾ ಬಾಟಲಿಯೂ ಒಂದೇ ಆದ ಮೇಲೆ, ಮುಂದಿನ ಸಲ ಬಂದಾಗ ಸೋಡಾ ಅಂಗಡಿಯ ಮಾಳಸಿದ್ದನ ಖಾಲಿ ಬಾಟಲಿಗಳಿಗೂ ಜೇಡಿನ ದರ ಕಟ್ಟಿಕೊಡಬೇಕು, ಬಡವ ಬದುಕಿಕೊಳ್ಳಲಿ. ಎರಡನೆಯದಾಗಿ, ಮಾವನವರು ಅತ್ತೆಯ ಕೈಯಿಂದ ಕುಡಿಯದೆ ಹೋದ ಒಂಬತ್ತು ದಿನಗಳ ಚಹಾವನ್ನು ಬಿಸಿಬಿಸಿಯಾಗಿಯೇ ಮರಳಿಸಬೇಕು.

ತಮ್ಮ ಕಣ್ಣುಗಳ ಆರೋಗ್ಯವನ್ನು ಸದಾ ಹಾರೈಸುವ,
ತಮ್ಮ ವಿಶ್ವಾಸಿ,
ಲಕ್ಷ್ಮಿಬಾಯಿ

ತಾ.ಕ.: ಅತ್ತೆಯವರಿಗೆ ಓದಲು ಬರುವುದು ಮರಾಠಿ ಮಾತ್ರ. ಹಾಗಾಗಿ ಈ ಬಹಿರಂಗ ಪತ್ರವನ್ನು ಧೈರ್ಯವಾಗಿ ಕನ್ನಡ ವಾರಪತ್ರಿಕೆಗೆ ಕೊಟ್ಟಿದ್ದೇನೆ. ಮಾವನವರ ಗುಟ್ಟನ್ನು ತಾವು ಅತ್ತೆಯವರಿಗೆ ಹೇಳಬಾರದು. ಹೇಳಿದರೂ ಚಿಂತೆಯಿಲ್ಲ, ತಾವು ಹೇಳಿದಿರಿ ಎಂದರೆ ಸಾಕು, ಅವರು ನಂಬುವುದಿಲ್ಲ.