ಬಟ್ಟಲು ಬಾರದ ಮನೆ

ಪಾತ್ರೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಅದರ ಯೋಗ್ಯತೆ ಹೇಳಬಲ್ಲೆ. ಕೆಂಗೇರಿ, ಲಗ್ಗೆರೆ ಕಡೆ ಹಳ್ಳಿ ಹಳ್ಳಿ ಸುತ್ತಿ ಪಾತ್ರೆ ಹೊತ್ತು ಮಾರಿ, ಕೊನೆಗೆ ಮಾಗಡಿ ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ನೀವೂ ಕೊಳ್ಳುವಾಗ ತಟ್ಟಿ ನೋಡಿ. ಸದ್ದು ತಟಕ್ಕನೆ ನಿಂತರೆ ಎಲ್ಲೋ ಬಿರುಕಿದೆ ಎಂದೇ ತಿಳಿಯಿರಿ, ಅಂಗಡಿಯವನು ಎಷ್ಟೇ ಆಣೆ ಮಾಡಲಿ. ಇಷ್ಟೆಲ್ಲ ಬುದ್ಧಿ ಹೇಳುವ ನಾನು ನನ್ನ ಅಡಿಗೆಮನೆಯ ಬಟ್ಟಲುಗಳನ್ನೇ ತಪ್ಪಾಗಿ ಓದಿದೆ. ಒಪ್ಪಿಕೊಂಡುಬಿಡುತ್ತೇನೆ.

ಆಗ ನಾವು ರಾಜಾಜಿನಗರಕ್ಕೆ ಬಂದು ವರ್ಷವಾಗಿತ್ತು. ಹೊಸ ಬಡಾವಣೆ, ನಾಲ್ಕು ಮನೆ, ಸುತ್ತ ಹತ್ತು ಖಾಲಿ ಸೈಟು. ಸೋವಿಗೆ ಸಿಕ್ಕಿತೆಂದು ಹಿಗ್ಗಿದವನು ನಾನು; ಹಗಲೆಲ್ಲ ಅಲ್ಲಿ ಒಬ್ಬಳೇ ಇರಬೇಕಾದವಳು ನನ್ನ ಹೆಂಡತಿ ಪಾರ್ವತಿ. ಅವಳಿಗೆ ಒಂಬತ್ತನೇ ತಿಂಗಳು, ಚೊಚ್ಚಲು. ತವರಿಗೆ ಕಳಿಸೋಣವೆಂದರೆ ತಾಯಿಯಿಲ್ಲ. ನನಗೋ ಮದುವೆ ಕಾಲದ ಸರಕು ತರಲು ಒಂದು ವಾರ ಕುಂಭಕೋಣಕ್ಕೆ ಹೋಗದೆ ವಿಧಿಯಿರಲಿಲ್ಲ. ಅಷ್ಟರಲ್ಲಿ ನೋವು ಬಂದರೆ ಜೊತೆಗೆ ಯಾರು? ಅವಳನ್ನೇ ಕೇಳಬಹುದಿತ್ತು. ಆದರೆ ಬಾಯಿಬಿಟ್ಟು ಕೇಳುವುದು ನನ್ನಂಥ ಜಾಣರ ಪದ್ಧತಿಯಲ್ಲ.

ನನ್ನ ಅಂಗಡಿಗೆ ಒಬ್ಬರು ಚರಿತ್ರೆ ಮೇಷ್ಟ್ರು ಬರುತ್ತಿದ್ದರು. ಹಳೆಯ ತಾಮ್ರಪಟದ ಮೇಲಿನ ಹೆಸರುಗಳನ್ನು ನೋಡಿಯೇ ಯಾರು ಯಾರಿಗೆ ಬೇಕಾದವರಾಗಿದ್ದರು ಎಂದು ಹೇಳಬಹುದಂತೆ. "ಆದರೆ ನೋಡಿ, ಹೆಸರು ಕೆತ್ತಿಸದೆ ಇದ್ದವರು..." ಎಂದು ಅವರು ಮುಂದೇನೋ ಹೇಳುತ್ತಿದ್ದರು. ನಾನು ಆಗ ಇನ್ನೊಬ್ಬ ಗಿರಾಕಿಯ ಜೊತೆ ಚೌಕಾಸಿಯಲ್ಲಿದ್ದೆ, ಕೇಳಿಸಿಕೊಳ್ಳಲಿಲ್ಲ.

ನಮ್ಮ ಬೀದಿಯಲ್ಲೂ ಪ್ರತಿ ಬಟ್ಟಲಿಗೂ ಮನೆಯವರ ಹೆಸರು ಕೆತ್ತಿಸಿರುತ್ತಾರೆ. ಕೆತ್ತಿದವನು ಬಹುಮಟ್ಟಿಗೆ ನಾನೇ. ಹಾಗಾಗಿ ಒಂದು ಬೆಳಗ್ಗೆ ನಮ್ಮ ಕಪಾಟಿನಲ್ಲಿದ್ದ ಪರರ ಬಟ್ಟಲುಗಳನ್ನು ಸಾಲಾಗಿ ಜೋಡಿಸಿ ಓದಿದೆ. ಎದುರುಮನೆ ರುಕ್ಮಿಣಮ್ಮನವರದು ನಾಲ್ಕು. ಮೂಲೆಮನೆಯವರದು ಒಂದು. ಹಿತ್ತಲ ಬೇಲಿಯಾಚೆಯ ಗಂಗಮ್ಮನದು ಒಂದೂ ಇಲ್ಲ. ಓಹೋ, ಗಂಗಮ್ಮನಿಗೂ ಇವಳಿಗೂ ಮಾತಿಲ್ಲ! ಬೇಲಿಯಲ್ಲಿ ಎಮ್ಮೆ ನುಗ್ಗಿದಂತೆ ಒಂದು ಕಂಡಿ ಬೇರೆ ಬಿದ್ದಿತ್ತು. ನಾನು ಎರಡು ಸಲ ಮುಳ್ಳು ಹಾಕಿಸಿ ಮುಚ್ಚಿದ್ದೆ. ಎರಡು ಸಲವೂ ಯಾರೋ ಕಿತ್ತೆಸೆದಿದ್ದರು. ಜಗಳಕ್ಕೆ ಇನ್ನೇನು ಸಾಕ್ಷಿ ಬೇಕು?

ನೇರವಾಗಿ ರುಕ್ಮಿಣಮ್ಮನವರ ಮನೆಗೆ ಹೋಗಿ, ಒಂದು ವಾರ ಪಾರ್ವತಿಯ ಜೊತೆಗಿರಿ ಎಂದು ಕೇಳಿದೆ. ಆಕೆ ಗಾಬರಿಯಾದರು.

"ಅಯ್ಯೋ, ನಾನಾ? ನಿಮ್ಮನೆಯವರ ಜೊತೆ ಕೂತು ಎರಡು ಮಾತಾಡಿದ್ದೇ ಇಲ್ವಲ್ಲ!"

"ಮತ್ತೆ ನಾಲ್ಕು ಬಟ್ಟಲು?"

"ಹಬ್ಬಕ್ಕೆ ಅವರು ಒಬ್ಬಟ್ಟು ಕಳ್ಸಿದ್ರು. ಸುಮ್ನಿರೋಕಾಗುತ್ತಾ? ನಾನು ಚಕ್ಕುಲಿ ಕಳಿಸ್ದೆ. ಆಮೇಲೆ ಕೋಡುಬಳೆ, ಆಮೇಲೆ ಉಂಡೆ, ಆಮೇಲೆ ನಿಪ್ಪಟ್ಟು. ಬರೀ ಬಟ್ಟಲು ವಾಪಸ್ ಕೊಡಬಾರ್ದು ಅಂತ ಅವರು ಇಟ್ಕೊಂಡಿರ್ತಾರೆ, ಪಾಪ, ತುಂಬಿಸೋಕೆ ಏನೂ ಮಾಡೋಕಾಗಿರಲ್ಲ. ಹೇಗೆ ನಿಲ್ಸೋದು ಅಂತ ಇಬ್ರಿಗೂ ಗೊತ್ತಿಲ್ಲ ಕಣ್ರೀ."

ಸ್ನೇಹವೆಂದು ನಾನು ಎಣಿಸಿದ್ದು ಬರೀ ಮುಜುಗರ. ತಲೆ ತಗ್ಗಿಸಿ ಮನೆಗೆ ಬಂದೆ. ನಾನು ಆ ಹೊತ್ತಿನಲ್ಲಿ ಎಂದೂ ಮನೆಯಲ್ಲಿರುವವನಲ್ಲ. ಅಡಿಗೆಮನೆಯಿಂದ ನಗು ಕೇಳಿಸಿತು. ನಮ್ಮ ಒಲೆಯ ಮುಂದೆ ಗಂಗಮ್ಮ! ನಮ್ಮ ಪಾತ್ರೆಯಲ್ಲೇ ಸಾರು ಕುದಿಸುತ್ತಿದ್ದಾಳೆ. ಪಾರ್ವತಿ ಬಾತ ಕಾಲುಗಳಿಗೆ ಎಣ್ಣೆ ಹಚ್ಚಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಾಳೆ.

"ಬನ್ನಿ ಅಣ್ಣ, ಕುಂಭಕೋಣಕ್ಕೆ ಹೊರಡಿ ನೀವು. ನಾನಿದೀನಿ," ಎಂದಳು ಗಂಗಮ್ಮ. "ಆದ್ರೆ ಆ ಬೇಲಿಗೆ ಇನ್ನೊಂದ್ಸಲ ಮುಳ್ಳು ಹಾಕ್ಸಿದ್ರೆ ನೋಡಿ! ಕಿತ್ತೂ ಕಿತ್ತೂ ಕೈಯೆಲ್ಲ ಗಾಯ."

"ನನಗೆ ಯಾಕೆ ಹೇಳಲಿಲ್ಲ?" ಎಂದು ಪಾರ್ವತಿಯನ್ನು ಕೇಳಿದೆ.

"ನೀವು ಕೇಳಿದ್ರಾ? ಬಟ್ಟಲು ಎಣಿಸ್ತಾ ಕೂತಿದ್ರಿ."

ನಾನು ಕುಂಭಕೋಣದಿಂದ ಬರುವಷ್ಟರಲ್ಲಿ ಮಗಳು ಹುಟ್ಟಿ ಎರಡು ದಿನವಾಗಿತ್ತು. ಅವಳನ್ನು ಮೊದಲು ಎತ್ತಿಕೊಂಡವಳು ಗಂಗಮ್ಮ. ನನ್ನ ಮನಸ್ಸು ತಡೆಯಲಿಲ್ಲ. ತಂದ ಸರಕಿನಲ್ಲೇ ಒಳ್ಳೆಯ ಡಬರಿಯೊಂದನ್ನು ತಟ್ಟಿ ನೋಡಿ ಆರಿಸಿ, ಪಾರ್ವತಿಯ ಹೆಸರು ಕೆತ್ತಿ, ತುಂಬ ಸಕ್ಕರೆ ಹಾಕಿ, ಬೀದಿ ಸುತ್ತಿಕೊಂಡು ಹೋಗಿ ಗಂಗಮ್ಮನ ಮುಂಬಾಗಿಲು ತಟ್ಟಿದೆ.

ಡಬರಿ ನೋಡಿ ಅವಳ ಮುಖ ಚಿಕ್ಕದಾಯಿತು. "ಏನಣ್ಣ ಇದು, ನಾನೇನು ಎದುರುಮನೆಯವಳಾ? ಹೆಸರು ಹಾಕ್ಸಿ, ಮುಂಬಾಗಿಲಿಗೆ ಬಂದು ಕೊಡ್ತಿದೀರ!" ಎಂದು ಸಕ್ಕರೆಯನ್ನು ಡಬ್ಬಿಗೆ ಸುರಿದುಕೊಂಡು, ಡಬರಿಯನ್ನು ಬರಿದಾಗಿಯೇ ನನ್ನ ಕೈಗೆ ತುರುಕಿದಳು. "ಹೋಗಿ, ಹಿತ್ತಲಿಂದಾನೇ ಹೋಗಿ. ಹತ್ರ ಆಗುತ್ತೆ."

ಯಾವ ವ್ಯಾಪಾರದಿಂದಲೂ ಬರಿಗೈಲಿ ಬಂದವನಲ್ಲ ನಾನು. ಅವತ್ತು ಬರೀ ಡಬರಿ ಹಿಡಿದು, ರಾಜನಂತೆ ಬೀಗುತ್ತ ಬೇಲಿಯ ಕಂಡಿಯಲ್ಲಿ ನುಸುಳಿದೆ. ಅಲ್ಲೇ ಪಂಚೆ ಪರ್ರನೆ ಹರಿಯಿತು. ಗಂಗಮ್ಮನ ಕಣ್ಣಿಗೆ ಬೀಳದೆ ಒಂದು ಮುಳ್ಳು ಉಳಿದಿತ್ತು. ನಾನೇ ನಿಂತು ಹಾಕಿಸಿದ್ದು.