ಬೆಳ್ಳುಳ್ಳಿಯ ಮಧ್ಯಾಹ್ನದ ಸ್ನಾನ

ನನ್ನ ತಾತನ ಕಾಲದಿಂದ ನಮ್ಮ ಮನೆಯ ಹೊಸ್ತಿಲು ದಾಟದ ಬೆಳ್ಳುಳ್ಳಿ ಈ ಬೇಸಿಗೆಯಲ್ಲಿ ದಾಟಿತು. ಅದೂ ತನ್ನದೇ ನಾಲ್ಕು ಕಾಲುಗಳ ಮೇಲೆ, ಬಾಲ ಅಲ್ಲಾಡಿಸಿಕೊಂಡು.

ಬೇಲೂರಿನಲ್ಲಿ ಶಾಲೆಯ ಮೇಡಂ ಆಗಿರುವ ನಮ್ಮ ಮಗಳು ಮೇಧಿನಿ ಸಾಕಿಕೊಂಡಿರುವ ಬಿಳಿ ಜೂಲುನಾಯಿಯ ಹೆಸರು ಅದು. (ಸಾಕುವಾಗ ನನ್ನನ್ನು ಕೇಳಲಿಲ್ಲ, ಹೆಸರಿಡುವಾಗಲಾದರೂ ಕೇಳಬಹುದಿತ್ತು.) ರಜೆಯಲ್ಲಿ ಅವಳಿಗೆ ಮೈಸೂರಿನಲ್ಲಿ ಯಾವುದೋ ತರಬೇತಿ ಬಿತ್ತು. ನಾಯಿಯನ್ನು ತಂದು ಅರಸೀಕೆರೆಯ ನಮ್ಮ ಮನೆಯಲ್ಲಿ ಇಳಿಸಿದಳು.

"ಅಪ್ಪಾ, ಇವಳು ಬೇಲೂರಿನ ತಂಪಲ್ಲಿ ಬೆಳೆದೋಳು. ಇಲ್ಲಿಯ ಸೆಖೆ ತಡೆಯಲ್ಲ. ಇವಳಿಗೇನಾದ್ರೂ ಆದ್ರೆ ನಾನು ಈ ಮನೆ ಕಡೆ ತಲೆ ಹಾಕಲ್ಲ ನೋಡಿ" ಎಂದು ಹೇಳಿ ಬಸ್ಸು ಹತ್ತಿದಳು. ಹೇಳಿದ್ದನ್ನು ಮಾಡುವ ಹುಡುಗಿ ಅವಳು. ತಾಯಿಯ ಕಡೆಯ ಗುಣ.

ನಾನು, ಅನಂತರಾಮು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಆದೇಶ ಹೊರಡಿಸುವ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಪಾಲಿಸುವ ಅಭ್ಯಾಸ ನನ್ನ ಹೆಂಡತಿ ಕೋಮಲವಲ್ಲಿಗೆ ಹತ್ತಿಲ್ಲ. ಆದರೂ ಅಂದೇ ಸಂಜೆ ಘೋಷಿಸಿದೆ. ಸದರಿ ನಾಯಿ ಹಿತ್ತಲಿನಲ್ಲಿಯೇ ಇರತಕ್ಕದ್ದು. ಒಳಗೆ ಬರತಕ್ಕದ್ದಲ್ಲ. ನಲ್ಲಿ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲದ ಊರಿನಲ್ಲಿ, ಕುಡಿಯುವುದಕ್ಕೆ ಹೊರತು ನಾಯಿಯ ಮೈಮೇಲೆ ಒಂದು ಚೊಂಬು ನೀರನ್ನೂ ಸುರಿಯತಕ್ಕದ್ದಲ್ಲ.

"ಆಯ್ತು" ಎಂದಳು ಕೋಮಲವಲ್ಲಿ. ಅವಳು ಒಂದೇ ಮಾತಿಗೆ ಒಪ್ಪಿಕೊಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಮಾರನೆಯ ದಿನ ಬೆಳ್ಳುಳ್ಳಿ ಗೋಡೆಯ ಪಕ್ಕ ಬಿದ್ದುಕೊಂಡು, ನಾಲಿಗೆಯನ್ನು ಮೊಳದುದ್ದ ಚಾಚಿ, ತಿದಿ ಒತ್ತಿದ ಹಾಗೆ ಏದುಸಿರು ಬಿಡುತ್ತಿತ್ತು. ಮೊಸರನ್ನ ಮುಟ್ಟಿರಲಿಲ್ಲ. ನನಗೆ ಗಾಬರಿಯಾಯಿತು. ನಾಯಿಯ ಮೇಲಿನ ಪ್ರೀತಿ ಎಂದರೆ ಸುಳ್ಳಾದೀತು. ಕಣ್ಣ ಮುಂದೆ ಬಂದದ್ದು ಮೇಧಿನಿಯ ಮುಖ. ಪಶುವೈದ್ಯ ಲಕ್ಷ್ಮೀಶ ಅವರನ್ನು ಕರೆಸಿದೆ. ಅವರು ಬರುವಷ್ಟರಲ್ಲಿ ನನಗೊಂದು ಮಹೋಪಾಯ ಹೊಳೆದಿತ್ತು.

"ಡಾಕ್ಟ್ರೇ, ಪೂರ್ತಿ ತಲೆಯಿಂದ ಬಾಲದವರೆಗೆ ಬೋಳಿಸಿಬಿಟ್ಟರೆ?"

"ಬೇಡ ಸಾರ್, ಖಂಡಿತ ಬೇಡ. ಆ ಕೂದಲೇ ಅದಕ್ಕೆ ಬಿಸಿಲಿನ ಕೊಡೆ. ನೆರಳಲ್ಲಿ ಇಡಿ, ಕುಡಿಯೋಕೆ ಸದಾ ನೀರಿಡಿ. ಮಧ್ಯಾಹ್ನ ರಸ್ತೆಗೆ ಕರ್ಕೊಂಡು ಹೋಗ್ಬೇಡಿ, ಟಾರು ಕಾದು ಪಾದ ಸುಡತ್ತೆ. ಬಿಸಿಲೇರಿದ ಮೇಲೆ ಒಂದು ಸಲ ಹೊಟ್ಟೆ, ಪಾದ ಎಲ್ಲ ಚೆನ್ನಾಗಿ ನೆನೆಸಿ. ಇಲ್ಲದಿದ್ರೆ ಕಷ್ಟ."

ಅವರು ಹೋದ ಮೇಲೆ ಕೋಮಲವಲ್ಲಿ ನನ್ನ ಮುಖ ನೋಡಿದಳು.

"ಆದೇಶ ಆದೇಶವೇ ಕಣೇ" ಎಂದೆ. "ಸಂಪಿನಲ್ಲಿ ನೀರೆಲ್ಲಿದೆ? ಒಂದು ಒದ್ದೆ ಗೋಣಿಚೀಲ ಹಾಸಿದರೆ ಸಾಕು."

ಹಾಸಿದೆ. ಬೆಳ್ಳುಳ್ಳಿ ಅದನ್ನು ಮೂಸಿ ನೋಡಿ, ಅದರ ಪಕ್ಕದಲ್ಲಿ ಮಲಗಿತು.

ಇನ್ನು ನನ್ನ ಪೂಜೆಯ ವಿಷಯ. ಪೇಪರು ಮುಗಿಯುವುದಕ್ಕೇ ಹನ್ನೊಂದಾಗುವುದರಿಂದ ನಾನು ಮಡಿಯುಟ್ಟು ಸಾಲಿಗ್ರಾಮದ ಮುಂದೆ ಕೂರುವುದು ನೆತ್ತಿಗೆ ಬಿಸಿಲು ಬಂದ ಮೇಲೆ. ಮಡಿಯಲ್ಲಿದ್ದಾಗ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಬಕೆಟ್ಟುಗಟ್ಟಲೆ ತಣ್ಣೀರು ಸುರಿದುಕೊಂಡು ಮೊದಲಿನಿಂದ ಶುರು. ಈ ವಿಷಯದಲ್ಲಿ ಸಂಪು ಬರಿದಾದರೂ ನಾನು ರಾಜಿಯಾಗುವವನಲ್ಲ.

ಅಂದು ಗಂಟೆ ಅಲ್ಲಾಡಿಸಿ ಕಣ್ಣು ಮುಚ್ಚಿದ್ದೇನೆ, ಬೆನ್ನಿಗೆ ತಣ್ಣಗೆ, ಒದ್ದೊದ್ದೆಯಾಗಿ ಏನೋ ತಗುಲಿತು. ಮೂಗು.

"ಕೋಮಲಾ, ನಾಯಿ ಒಳಗೆ ಬಂದಿದೆ ಕಣೇ."

"ಮುಟ್ಟಿತೇನ್ರೀ?"

"ಮುಟ್ಟೋದೇನು, ಬೆನ್ನು ನೆಕ್ಕಿದೆ."

"ಅಯ್ಯೋ ಪಾಪ. ಹಾಗಾದ್ರೆ ಸ್ನಾನ ಮಾಡ್ಲೇಬೇಕು. ಗಡಿಬಿಡಿ ಮಾಡ್ಬೇಡಿ, ಧಾರಾಳವಾಗಿ ಹಾಕ್ಕೊಳ್ಳಿ. ಮಡಿ ವಿಷಯ ನೋಡಿ."

(ಆ 'ಪಾಪ' ಯಾರಿಗೆ ಎಂದು ಆಗ ಯೋಚಿಸಲಿಲ್ಲ.)

ಕಲ್ಲಿನ ಮೇಲೆ ಕುಳಿತು ತಲೆಗೆ ನೀರು ಸುರಿದುಕೊಂಡೆ. ಬೆಳ್ಳುಳ್ಳಿ ಬಂದು, ನನ್ನ ಮೈಯಿಂದ ನೀರಿಳಿಯುವ ಜಾಗದಲ್ಲಿ ಹೊಟ್ಟೆ ಊರಿ ಮಲಗಿತು. ಎರಡನೆಯ ಬಕೆಟ್ಟು ಮುಗಿಸಿ ಏಳುತ್ತೇನೆ, ಅದೂ ಎದ್ದು ಮೈ ಕೊಡವಿತು. ಆ ಮೈಲಿಗೆ ನೀರಷ್ಟೂ ನನ್ನ ಮೇಲೆ. ಮತ್ತೆ ಕೂತೆ, ಮತ್ತೆ ಸುರಿದುಕೊಂಡೆ, ಮತ್ತೆ ಕೊಡವಿತು. ಆ ದಿನ ದೇವರಿಗೆ ನೈವೇದ್ಯವಾಗುವ ಹೊತ್ತಿಗೆ ಪಕ್ಕದ ಮನೆಯವರ ಊಟವಾಗಿ ನಿದ್ದೆಯೂ ಆಗಿತ್ತು.

ಇದು ನಿತ್ಯದ ಕಥೆಯಾಯಿತು. ನಾನು ಗಂಟೆ ಅಲ್ಲಾಡಿಸುವುದೇ ತಡ, ಮೂಗು ಹಾಜರು. ಒಂದು ವಿಷಯ ಮಾತ್ರ ಒಪ್ಪಬೇಕು: ನಾಯಿಯ ಏದುಸಿರು ನಿಂತಿತು, ಮೊಸರನ್ನದ ತಟ್ಟೆ ಫಳಫಳ ಹೊಳೆಯತೊಡಗಿತು. ಮೇಧಿನಿ ವಿಡಿಯೋ ಕಾಲಿನಲ್ಲಿ ನೋಡಿ, "ಅಪ್ಪಾ, ಎಷ್ಟು ಗೆಲುವಾಗಿದ್ದಾಳೆ, ಏನು ಮಾಡಿದ್ರಿ?" ಎಂದು ಕೇಳಿದಳು. ಗೋಣಿಚೀಲದ ಮಹಿಮೆಯನ್ನು ಸವಿಸ್ತಾರವಾಗಿ ವರ್ಣಿಸಿದೆ. ಕೋಮಲವಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಜಾವಗಲ್ಲಿಗೆ ಹೊರಟಿದ್ದ ಲಕ್ಷ್ಮೀಶ ಅವರು ದಾರಿಯಲ್ಲಿ ಬಂದು ನೋಡಿ, "ದಿನಾ ತಪ್ಪದೆ ನೆನೆಸ್ತಾ ಇದೀರಿ ಅಂತ ಕಾಣತ್ತೆ. ಹೀಗೇ ಮುಂದುವರಿಸಿ ಸಾರ್, ಬೇಸಿಗೆ ಆರಾಮಾಗಿ ದಾಟತ್ತೆ" ಎಂದರು. ನನಗೆ ಖುಷಿಯೂ ಆಯಿತು, ದಿನಾ ತಪ್ಪದೆ ನೆನೆಯುತ್ತಿರುವವನು ನಾನೆಂದು ರೇಗಿಯೂ ಹೋಯಿತು. ಅವರು ಹೋದ ಕೂಡಲೇ ಹೆಂಡತಿಗೆ ಹೇಳಿದೆ:

"ಆ ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿದೆ. ನಾಯಿ ತಳ್ಳಿಕೊಂಡು ಬರ್ತಾ ಇದೆ. ನಾಳೆ ಬಡಗಿ ಧರ್ಮೇಶನನ್ನು ಕರೆಸ್ತೀನಿ."

"ಚಿಲಕ ಗಟ್ಟಿಯಾಗೇ ಇದೆ. ತೆಗೆಯೋಳು ನಾನು."

"ನೀನಾ? ಯಾಕೆ?"

"ನಾಯಿ ಮೈಮೇಲೆ ನೀರು ಸುರಿಯೋ ಹಾಗಿಲ್ಲ ಅಂದ್ರಿ. ನಿಮ್ಮ ಮೈಮೇಲೆ ಸುರಿಯೋದಕ್ಕೆ ಅಡ್ಡಿ ಇರಲಿಲ್ಲವಲ್ಲ. ಅದು ಕಣ್ಣ ಮುಂದೆ ಬೇಯ್ತಾ ಇದ್ರೆ ಸುಮ್ನೆ ಕೂರೋಕಾಗತ್ತಾ ನನ್ನ ಕೈಲಿ?"

ಸಂಬಳಕ್ಕಿದ್ದಷ್ಟು ಕಾಲ ನನ್ನ ಆದೇಶದಲ್ಲಿ ಇಂಥ ತೂತು ಯಾರೂ ಕಂಡುಹಿಡಿದಿರಲಿಲ್ಲ. ಸಂಪಿನ ನೀರಿನ ಲೆಕ್ಕ ಮನಸ್ಸಿನಲ್ಲೇ ಹಾಕಿ ನೋಡಿದರೆ, ನಾಯಿಗೆ ಸುರಿಯದೆ ಉಳಿಸಿದ ಒಂದೊಂದು ಚೊಂಬಿಗೆ ನಾನೊಬ್ಬನೇ ಒಂದೊಂದು ಹಂಡೆ ಖರ್ಚು ಮಾಡಿದ್ದೆ. ಅಲ್ಲೇ ತಿದ್ದುಪಡಿ ಹೊರಡಿಸಿದೆ: ಇನ್ನು ಮುಂದೆ ಬೆಳ್ಳುಳ್ಳಿಗೆ ದಿನಕ್ಕೊಂದು ಬಕೆಟ್ಟು ನೀರು, ಕೋಮಲವಲ್ಲಿಯ ಕೈಯಿಂದ. ಪ್ರತಿಯಾಗಿ ನನ್ನ ಪೂಜೆಗೆ ಶಾಂತಿ.

ಮಾರನೆಯ ದಿನ ಶಾಂತಿಯೇ ಶಾಂತಿ. ಗಂಟೆ ಅಲ್ಲಾಡಿಸಿದೆ, ಯಾವ ಮೂಗೂ ಬರಲಿಲ್ಲ. ದೀಪ ಆರುತ್ತದೆಂದು ಫ್ಯಾನು ಹಾಕುವ ಹಾಗಿಲ್ಲ. ಹೆಂಚು ಕಾದು, ಪಕ್ಕದ ಅಡುಗೆಮನೆಯ ಉರಿ ಸೇರಿ, ಬೆವರು ಕಣ್ಣಿಗಿಳಿದು ಸಾಲಿಗ್ರಾಮ ಎರಡೆರಡಾಗಿ ಕಂಡಿತು. ಇಷ್ಟು ವರ್ಷ ಈ ಬೇಗೆಯಲ್ಲಿ ಹೇಗೆ ಕೂರುತ್ತಿದ್ದೆನೋ ತಿಳಿಯದು. ಹಿತ್ತಲಿನಿಂದ ನೀರು ಬೀಳುವ ಸದ್ದು ಕೇಳಿಸಿತು, ಜೊತೆಗೆ ಕೋಮಲವಲ್ಲಿಯ ದನಿ: "ತಣ್ಣಗಿದ್ಯಾ ಪುಟ್ಟೀ?"

ಮೆಲ್ಲಗೆ ಎದ್ದು ಹಿತ್ತಲಿಗೆ ಹೋದೆ. ಅತ್ತಿತ್ತ ನೋಡಿ, ಬೆರಳು ಚಾಚಿ ಬೆಳ್ಳುಳ್ಳಿಯ ಬಾಲವನ್ನು ಮುಟ್ಟಿದೆ.

"ಕೋಮಲಾ, ಮೈಲಿಗೆಯಾಯ್ತು ಕಣೇ."

ಅವಳು ತಲೆ ಎತ್ತಲಿಲ್ಲ. "ಗೊತ್ತಾಯ್ತು, ಅಲ್ಲೇ ನಿಂತಿರಿ" ಎಂದಳು. "ಮೊದಲು ಅದರದ್ದು ಮುಗೀಲಿ."